ಪದ ಪರಿಚಯ: ಕ್ರೆಡಿಟ್ ರಿಸ್ಕ್, ಅಂದರೆ ಉದ್ರಿ ಕೊಟ್ಟವರ ಲೆಕ್ಕ

ಮಾಲು ಈಗ ಒಯ್ಯಿರಿ, ದುಡ್ಡು ಆಮೇಲೆ ಕೊಡಿ ಎಂದು ಒಪ್ಪಿದ ವ್ಯಾಪಾರಿ ಆ ಗಳಿಗೆಯಿಂದ ಸಾಲ ಕೊಟ್ಟವನೂ ಹೌದು. ಆ ದುಡ್ಡು ತಡವಾಗಿ ಬರಬಹುದು, ಅರ್ಧ ಬರಬಹುದು, ಬಾರದೆಯೂ ಹೋಗಬಹುದು. ಈ ಅಪಾಯಕ್ಕೆ ಕ್ರೆಡಿಟ್ ರಿಸ್ಕ್ ಎಂದು ಹೆಸರು. ಯಾರಿಗೆ, ಎಷ್ಟು, ಎಷ್ಟು ದಿನಕ್ಕೆ ಉದ್ರಿ ಎಂದು ನಿರ್ಧರಿಸುವುದರಿಂದ ಹಿಡಿದು ಕೊನೆಯ ರೂಪಾಯಿ ವಸೂಲಾಗುವ ತನಕದ ಕೆಲಸವೆಲ್ಲ ಕ್ರೆಡಿಟ್ ಮ್ಯಾನೇಜ್‌ಮೆಂಟ್.

ಬ್ಯಾಂಕಿನಲ್ಲಿ ಇದಕ್ಕೆಂದೇ ಜನ ಇರುತ್ತಾರೆ. ಪೀಣ್ಯದಂಥ ಕಡೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಯಲ್ಲಿ ಮಾಲೀಕರೇ ಎಲ್ಲ. ಆರ್ಡರ್ ಸಿಕ್ಕ ಖುಷಿಯಲ್ಲಿ ದುಡ್ಡು ಯಾವಾಗ ಎಂದು ಕೇಳುವುದೇ ಮುಜುಗರ. ಆದರೆ ಲೆಕ್ಕ ನೋಡಿ: 10 ಲಕ್ಷದ ಮಾಲಿನಲ್ಲಿ ಶೇ 5 ಲಾಭ ಎಂದರೆ 50 ಸಾವಿರ. ಆ ಬಾಕಿ ಮುಳುಗಿದರೆ ಕೈಯಿಂದ ಹಾಕಿದ 9.5 ಲಕ್ಷ ತುಂಬಿಕೊಳ್ಳಲು ಅದೇ ಲಾಭದಲ್ಲಿ 1.9 ಕೋಟಿಯ ವ್ಯಾಪಾರ ಮಾಡಬೇಕು. ಸಾಲದ್ದಕ್ಕೆ ಜಿಎಸ್‌ಟಿ. ಶೇ 18ರ ಮಾಲಾದರೆ ಬಿಲ್ಲಿನ ಮೇಲೆ 1.8 ಲಕ್ಷ ತೆರಿಗೆ. ಗಿರಾಕಿ ದುಡ್ಡು ಕೊಡಲಿ ಬಿಡಲಿ, ಖರೀದಿಯ ಮೇಲೆ ಕಟ್ಟಿದ್ದನ್ನು ಕಳೆದು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಬಾಕಿ ಮುಳುಗಿತು ಎಂದು ಅದನ್ನು ವಾಪಸು ಕೇಳುವ ದಾರಿ ನಮ್ಮ ಜಿಎಸ್‌ಟಿ ಕಾನೂನಿನಲ್ಲಿಲ್ಲ.

ಅಪಾಯವನ್ನು ಅಳೆಯುವುದು ಹೇಗೆ? ಪಠ್ಯಗಳು ಐದು ಅಂಶ ಹೇಳುತ್ತವೆ: ಗಿರಾಕಿಯ ನಡತೆ, ತೀರಿಸುವ ಶಕ್ತಿ, ಸ್ವಂತ ಬಂಡವಾಳ, ಅಡಮಾನ, ಮಾರುಕಟ್ಟೆಯ ಪರಿಸ್ಥಿತಿ. ಉದ್ರಿ ವ್ಯಾಪಾರದಲ್ಲಿ ಅಡಮಾನ ಯಾರೂ ಕೊಡುವುದಿಲ್ಲ. ಹಾಗಾಗಿ ಭಾರವೆಲ್ಲ ಮೊದಲೆರಡರ ಮೇಲೆ.

ನಡತೆಯನ್ನು ಬರೆದಿಡುವುದೇ ಒಂದು ಉದ್ಯಮವಾದದ್ದು ಅಮೆರಿಕದಲ್ಲಿ. 1837ರ ಹಣಕಾಸು ಕುಸಿತದಲ್ಲಿ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟ್ಯಾಪನ್ ಅವರ ಮನೆತನದ ವ್ಯಾಪಾರ ನೆಲ ಕಚ್ಚಿತು. 1841ರಲ್ಲಿ ಅವರು ಮರ್ಕಂಟೈಲ್ ಏಜೆನ್ಸಿ ತೆರೆದರು. ಊರೂರಿನ ವಕೀಲರು, ವ್ಯಾಪಾರಿಗಳು ತಮ್ಮ ಕಡೆಯ ಅಂಗಡಿಕಾರರ ಆಸ್ತಿ, ಕುಡಿತ, ಮಾತಿನ ನಿಯತ್ತು ಎಲ್ಲವನ್ನೂ ಬರೆದು ಕಳಿಸುತ್ತಿದ್ದರು. ಹಾಗೆ ಬರೆದವರಲ್ಲಿ ಅಬ್ರಹಾಂ ಲಿಂಕನ್ ಕೂಡ ಒಬ್ಬರು. ಅದೇ ಸಂಸ್ಥೆ ಮುಂದೆ ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್ ಆಯಿತು.

ಇವತ್ತು ಅಷ್ಟು ಬೇಹುಗಾರಿಕೆ ಬೇಡ. ಗಿರಾಕಿಯ ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿದರೆ ರಿಟರ್ನ್‌ಗಳು ಯಾವ ದಿನ ಸಲ್ಲಿಕೆಯಾದವು ಎಂಬುದು ಪುಕ್ಕಟೆ ಕಾಣುತ್ತದೆ. ತಿಂಗಳುಗಟ್ಟಲೆ ರಿಟರ್ನ್ ಹಾಕದವರಿಗೆ ಉದ್ರಿ ಕೊಡುವ ಮೊದಲು ಎರಡು ಸಲ ಯೋಚಿಸಿ. ಕಂಪನಿಯಾದರೆ ಅದರ ಬ್ಯಾಲೆನ್ಸ್ ಶೀಟ್, ಆಸ್ತಿಯ ಮೇಲಿನ ಬ್ಯಾಂಕ್ ಸಾಲದ ವಿವರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿದರೆ ಸಿಗುತ್ತದೆ. ಅದರಲ್ಲಿ ನಾನು ಮೊದಲು ಹುಡುಕುವುದು ಲಾಭವನ್ನಲ್ಲ, ಸರಬರಾಜುದಾರರಿಗೆ ಕೊಡಬೇಕಾದ ಬಾಕಿಯನ್ನು. ವ್ಯಾಪಾರ ಇದ್ದಷ್ಟೇ ಇದ್ದು ಆ ಬಾಕಿ ಮಾತ್ರ ಬೆಳೆಯುತ್ತಿದ್ದರೆ ನಮ್ಮಂಥವರ ದುಡ್ಡಿನಲ್ಲೇ ಕಂಪನಿ ನಡೆಯುತ್ತಿದೆ ಎಂದರ್ಥ. ಸಿಬಿಲ್ ಸಂಸ್ಥೆ ಸಣ್ಣ ಉದ್ಯಮಗಳಿಗೆ 1ರಿಂದ 10ರ ರ‍್ಯಾಂಕ್ ಕೊಡುತ್ತದೆ, 1 ಅತ್ಯುತ್ತಮ. ಆದರೆ ಅದು ಬ್ಯಾಂಕ್ ಸಾಲದ ಚರಿತ್ರೆ. ಬ್ಯಾಂಕಿನ ಕಂತು ತಪ್ಪಬಾರದೆಂದು ಸರಬರಾಜುದಾರರನ್ನು ಕಾಯಿಸುವವರು ಬೇಕಾದಷ್ಟಿದ್ದಾರೆ. ಹಾಗಾಗಿ ಅದೇ ಗಿರಾಕಿಗೆ ಮಾಲು ಕೊಡುವ ಇನ್ನಿಬ್ಬರಿಗೆ ಫೋನ್ ಮಾಡಿ ಕೇಳುವುದು ಯಾವ ರ‍್ಯಾಂಕಿಗೂ ಕಡಿಮೆಯಲ್ಲ.

ಬ್ಯಾಂಕುಗಳು ಬಳಸುವ ಸೂತ್ರವೊಂದಿದೆ: ಬಾಕಿ ಮುಳುಗುವ ಸಂಭವ, ಬಾಕಿಯ ಮೊತ್ತ, ಮುಳುಗಿದರೆ ಕೈಬಿಟ್ಟುಹೋಗುವ ಪಾಲು, ಈ ಮೂರನ್ನೂ ಗುಣಿಸಬೇಕು. ಸಂಭವ ಶೇ 2, ಮೊತ್ತ 10 ಲಕ್ಷ, ಹೋಗುವ ಪಾಲು ಶೇ 80 ಎಂದಾದರೆ ನಿರೀಕ್ಷಿತ ನಷ್ಟ 16 ಸಾವಿರ. ಅಷ್ಟನ್ನು ಬೆಲೆಯಲ್ಲೇ ಸೇರಿಸಿಕೊಳ್ಳಬೇಕು. ನೂರಾರು ಗಿರಾಕಿಗಳಿದ್ದರೆ ಈ ಸರಾಸರಿ ಕೆಲಸಕ್ಕೆ ಬರುತ್ತದೆ. ಅರ್ಧ ವ್ಯಾಪಾರ ಒಬ್ಬರ ಕೈಯಲ್ಲೇ ಇದ್ದರೆ ಸರಾಸರಿ ಕಟ್ಟಿಕೊಂಡು ಏನು ಮಾಡುವುದು? ಅವರೊಬ್ಬರು ಬಿದ್ದರೆ ಕಾರ್ಖಾನೆಗೇ ಬೀಗ. ಅದಕ್ಕೇ ಪ್ರತಿ ಗಿರಾಕಿಗೂ ಉದ್ರಿಯ ಮಿತಿ ಬೇಕು, ಮಿತಿ ದಾಟಿದರೆ ಮಾಲು ಗೇಟು ದಾಟಬಾರದು. ಬಾಕಿಯನ್ನು 30, 60, 90 ದಿನಗಳ ಪ್ರಕಾರ ವಿಂಗಡಿಸಿ ವಾರಕ್ಕೊಮ್ಮೆ ನೋಡಬೇಕು. ಬಿಲ್ಲಿನ ಮೊತ್ತಕ್ಕೆ ತಾಳೆಯಾಗದ ಐವತ್ತು ಸಾವಿರ, ಒಂದು ಲಕ್ಷ ಎಂಬಂಥ ದುಂಡು ಮೊತ್ತಗಳು ಬರತೊಡಗಿದರೆ ಎಚ್ಚರ. ಹಳೇ ಬಾಕಿ ಇಟ್ಟುಕೊಂಡವರು ಇದ್ದಕ್ಕಿದ್ದಂತೆ ಎರಡರಷ್ಟು ಆರ್ಡರ್ ಕೊಟ್ಟರೆ ಇನ್ನೂ ಎಚ್ಚರ.

ಕಾನೂನು ಸಣ್ಣ ಉತ್ಪಾದಕರ ಪರವಾಗಿಯೇ ಇದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಬರಹದ ಒಪ್ಪಂದ ಇದ್ದರೂ ಗಡುವು 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ಚಕ್ರಬಡ್ಡಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹೀಗೆ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಪಾವತಿಸುವ ತನಕ ಕೊಳ್ಳುವವರು ಅದನ್ನು ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ ಎಂಬ ನಿಯಮವೂ 2024ರ ಏಪ್ರಿಲ್ 1ರಿಂದ ಸೇರಿದೆ. ಮಾರುವವರಿಗೆ ಉದ್ಯಮ್ ಎಂಬ ಸರ್ಕಾರಿ ನೋಂದಣಿ ಇರಬೇಕು, ಕೊಂಡು ಮಾರುವ ವರ್ತಕರಿಗೆ ಈ ರಕ್ಷಣೆ ಇಲ್ಲ. ಇಷ್ಟಿದ್ದೂ ದೂರು ಕೊಡುವವರು ಹಿಂಜರಿಯುತ್ತಾರೆ. ಮುಂದಿನ ಆರ್ಡರ್ ಕೈತಪ್ಪೀತೆಂಬ ಭಯ, ಅದು ಸುಳ್ಳೂ ಅಲ್ಲ. ಗಿರಾಕಿಯೊಡನೆ ಜಗಳ ಬೇಡವೆನ್ನುವವರಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಗಳಿವೆ. ಕೊಳ್ಳುವ ಕಂಪನಿ ಬಿಲ್ಲನ್ನು ಒಪ್ಪಿಕೊಂಡರೆ ಬ್ಯಾಂಕು ಸ್ವಲ್ಪ ಮುರಿದುಕೊಂಡು ದುಡ್ಡು ಮುಂಚೆಯೇ ಕೊಡುತ್ತದೆ. ಆಮೇಲೆ ಕಂಪನಿ ಕೈಕೊಟ್ಟರೂ ಬ್ಯಾಂಕು ಮಾರಿದವರ ಬಳಿ ಬರುವಂತಿಲ್ಲ.

ಬಾಕಿಗೂ ಆಯಸ್ಸಿದೆ. 1963ರ ಕಾಲಮಿತಿ ಕಾಯ್ದೆಯಂತೆ ಮಾಲಿನ ಹಣಕ್ಕೆ ದಾವೆ ಹೂಡಲು ಮೂರು ವರ್ಷ ಮಾತ್ರ. ಆ ಅವಧಿ ಮುಗಿಯುವುದರೊಳಗೆ ಗಿರಾಕಿ ಬಾಕಿ ಇದೆಯೆಂದು ಬರೆದು ಸಹಿ ಹಾಕಿದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಪ್ರತಿ ಮಾರ್ಚ್‌ನಲ್ಲಿ ಗಿರಾಕಿಗಳಿಂದ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ ಎಂದು ಲೆಕ್ಕಪರಿಶೋಧಕರು ಪೀಡಿಸುವುದರಿಂದ ಈ ಉಪಯೋಗವೂ ಇದೆ.