ಹಾಜರಿ ಪುಸ್ತಕ ಬದಿಗಿಡಿ, ಬಾಡಿಗೆ ರಸೀದಿ ತನ್ನಿ

ಮಳೆಗಾಲ ಹಿಡಿದು ಮಕ್ಕಳಲ್ಲಿ ಜ್ವರ, ಕಣ್ಣುಬೇನೆ ಶುರುವಾದರೆ ಸಾಕು, ಕಾರವಾರದ ನನ್ನ ಲೆಕ್ಕಪತ್ರದ ಕಚೇರಿಗೆ ಪ್ಲೇ ಹೋಂ, ಡೇ ಕೇರ್ ನಡೆಸುವ ಅಕ್ಕೋರುಗಳು ಬರತೊಡಗುತ್ತಾರೆ. ಅಂಕೋಲಾ, ಕುಮಟಾದಿಂದ ಬರುತ್ತಾರೆ, ಘಟ್ಟದ ಮೇಲಿನ ಶಿರಸಿಯಿಂದಲೂ ಬರುತ್ತಾರೆ. ಎಲ್ಲರ ಚೀಲದಲ್ಲೂ ಹಾಜರಿ ಪುಸ್ತಕ ಇರುತ್ತದೆ. ಯಾವ ಮಗು ಎಷ್ಟು ದಿನ ಬರಲಿಲ್ಲ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಅಷ್ಟು ದಿನದ ಶುಲ್ಕ ಕಳೆದು, ಕೆಳಗೆ ಮೊತ್ತ ಬರೆದು ತಂದಿರುತ್ತಾರೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: "ಮೇಡಂ, ಈ ತಿಂಗಳು ಆಯಾಗೆ ಸಂಬಳ ಕೊಡೂಕೆ ಆಗ್ತಾ ಇಲ್ಲ. ಸರ್ಕಾರದ ಯಾವುದಾದ್ರೂ ಸಾಲ, ಸಬ್ಸಿಡಿ ಉಂಟಾ?"

ಕೊರೊನಾ ಕಾಲದಿಂದ ಈ ಪ್ರಶ್ನೆಗೆ ನಾನು ಕೊಡುತ್ತ ಬಂದಿರುವ ಉತ್ತರ ಬದಲಾಗಿಲ್ಲ. ಕೇಳಿದವರು ತಲೆಯಾಡಿಸಿ ಹೋಗುತ್ತಾರೆ, ಮುಂದಿನ ಮಳೆಗಾಲಕ್ಕೆ ಅದೇ ಪುಸ್ತಕ ಹಿಡಿದು ಬರುತ್ತಾರೆ. ಅದಕ್ಕೇ ಈ ಸಲ ವಿಸ್ತಾರವಾಗಿ ಬರೆಯುತ್ತಿದ್ದೇನೆ. ನಿಮ್ಮ ಖರ್ಚು ಹಾಜರಿ ನೋಡಿ ನಡೆಯುವುದಿಲ್ಲ. ಹಾಗಿದ್ದ ಮೇಲೆ ನಿಮ್ಮ ಶುಲ್ಕವೂ ಹಾಜರಿ ನೋಡಿ ನಡೆಯಬಾರದು.

ಒಂದು ಲೆಕ್ಕ ಹಾಕೋಣ. 20 ಮಕ್ಕಳು, ತಿಂಗಳಿಗೆ ತಲಾ 1,500 ರೂಪಾಯಿ, ಒಟ್ಟು 30,000. ಮನೆ ಬಾಡಿಗೆ 8,000. ಇಬ್ಬರು ಆಯಾಗಳಿಗೆ 6,500ರಂತೆ 13,000. ಕರೆಂಟು, ನೀರು 1,000. ಹಾಲು, ತಿಂಡಿ, ಗ್ಯಾಸ್ 2,000. ಸಾಬೂನು, ಫಿನಾಯಿಲು, ಬಣ್ಣದ ಪೆನ್ಸಿಲು ಇತ್ಯಾದಿಗೆ 1,000. ಖರ್ಚು 25,000 ಆಯಿತು. ದಿನವಿಡೀ ದುಡಿದ ಅಕ್ಕೋರಿಗೆ ಉಳಿಯುವುದು 5,000. ನಿಮ್ಮ ಊರಿನ ದರ ಬೇರೆ ಇರಬಹುದು, ಆದರೆ ಅಂಕಿಗಳು ಒಂದಕ್ಕೊಂದು ಹೆಚ್ಚುಕಡಿಮೆ ಹೀಗೇ ಕೂತಿರುತ್ತವೆ.

ಈಗ ಜ್ವರದ ತಿಂಗಳು. ಅರ್ಧ ಹಾಜರಿ ಬಿತ್ತು, ನೀವು ಬಂದ ದಿನಕ್ಕಷ್ಟೇ ಶುಲ್ಕ ಹಿಡಿದಿರಿ. ಕೈಗೆ ಬಂದದ್ದು 15,000. ಖರ್ಚು ಎಷ್ಟು ಇಳಿಯಿತು? ಹಾಲು, ತಿಂಡಿಯಲ್ಲಿ 1,000, ಉಳಿದದ್ದರಲ್ಲಿ ಬಹಳ ಎಂದರೆ 500. ಮನೆ ಮಾಲೀಕರು ಅರ್ಧ ಬಾಡಿಗೆ ಕೇಳುವುದಿಲ್ಲ. ಹತ್ತೇ ಮಕ್ಕಳಿದ್ದಾರೆಂದು ಆಯಾ ಅರ್ಧ ಹೊಟ್ಟೆ ಉಣ್ಣುವುದಿಲ್ಲ. 23,500 ಕೊಡಲೇಬೇಕು. 8,500 ಕಡಿಮೆ ಬಿತ್ತು, ನಿಮ್ಮ 5,000 ಮೊದಲೇ ಹೋಯಿತು. ಈ 8,500ಕ್ಕೆ ನೀವು ಸೊಸೈಟಿಯಲ್ಲಿ ಬಳೆ ಅಡವಿಟ್ಟು ಸಾಲ ತರುತ್ತೀರಿ. ಬಡ್ಡಿ ಕಟ್ಟುವವರೂ ನೀವೇ.

"ಮಗು ಬರ್ಲಿಲ್ಲ ಅಂದ್ಮೇಲೆ ದುಡ್ಡು ಕೇಳೂದು ಹ್ಯಾಂಗೆ ಮೇಡಂ, ಮನಸ್ಸು ಬರೂದಿಲ್ಲ" ಎಂದು ಇವರು ಹೇಳುವಾಗ ನನಗೆ ಸಿಟ್ಟೂ ಬರುತ್ತದೆ, ಇವರ ಮೇಲಿನ ಪ್ರೀತಿಯೂ ಹೆಚ್ಚುತ್ತದೆ. ಬೇರೆಯವರ ಮಕ್ಕಳ ಮೂಗು ಒರೆಸಿ, ಉಣ್ಣಿಸಿ, ಮಲಗಿಸಿ, ಕೊನೆಗೆ ದುಡ್ಡಿನ ಮಾತು ಬಂದಾಗ ನಾಚಿಕೊಳ್ಳುವವರು ಇವರು. ಆದರೂ ಹೇಳಲೇಬೇಕು. ತಿಂಗಳ ಬಸ್ ಪಾಸ್ ಮಾಡಿಸಿದವರು ನಾಲ್ಕು ದಿನ ಮನೆಯಲ್ಲೇ ಉಳಿದರೆ ಕಂಡಕ್ಟರ್ ಬಳಿ ಹಣ ವಾಪಸು ಕೇಳುವುದಿಲ್ಲ, ಬಸ್ಸಂತೂ ಅಷ್ಟೂ ದಿನ ಓಡಿರುತ್ತದೆ. ತಾಯಿತಂದೆ ನಿಮಗೆ ಕೊಡುವುದು ಆ ಮಗುವಿಗಾಗಿ ಕಾದಿಟ್ಟ ಜಾಗಕ್ಕೆ, ಅದರ ಸ್ವಭಾವ ಬಲ್ಲ ಆಯಾ ನಾಳೆಯೂ ಅಲ್ಲೇ ಇರುತ್ತಾಳೆ ಎಂಬ ಭರವಸೆಗೆ.

ಆ ಭರವಸೆ ಕಳೆದುಹೋದರೆ ಏನಾಗುತ್ತದೆ ಎನ್ನುವುದನ್ನು ಶಿರಸಿಯ ಒಬ್ಬ ಅಕ್ಕೋರ ಲೆಕ್ಕದಲ್ಲಿ ನೋಡಿದ್ದೇನೆ. 2020ರ ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆ ಮುಗಿದ ಬೆನ್ನಿಗೇ ಎಲ್ಲವೂ ಮುಚ್ಚಿತು. ಅವರು ಆ ತಿಂಗಳ ಅರ್ಧ ಶುಲ್ಕವನ್ನು ಯಾರೂ ಕೇಳದೆಯೇ ಹಿಂದಿರುಗಿಸಿದರು. ಏಪ್ರಿಲ್‌ನಿಂದ ಒಂದು ರೂಪಾಯಿಯೂ ಬರಲಿಲ್ಲ. ಎರಡು ತಿಂಗಳು ತಮ್ಮ ಕೈಯಿಂದಲೇ ಸಂಬಳ ಕೊಟ್ಟು, ಮೂರನೆಯ ತಿಂಗಳು ಆಯಾಳನ್ನು ಬಿಡಿಸಿದರು. ರಾಜ್ಯದಲ್ಲಿ ಅಂಗನವಾಡಿ, ಎಲ್‌ಕೆಜಿ, ಯುಕೆಜಿಗಳ ಬಾಗಿಲು ತೆರೆಯಲು ಅನುಮತಿ ಸಿಕ್ಕಿದ್ದು 2021ರ ನವೆಂಬರ್ 8ರಿಂದ. ಅಷ್ಟರಲ್ಲಿ ಆ ಆಯಾ ಅಡಿಕೆ ಸುಲಿಯುವ ಕೆಲಸಕ್ಕೆ ಹತ್ತಿಕೊಂಡಿದ್ದಳು, ಕರೆದರೂ ಬರಲಿಲ್ಲ. ಹೊಸಬಳ ಕೈಯಲ್ಲಿ ಮಕ್ಕಳು ಅಳು ನಿಲ್ಲಿಸಲಿಲ್ಲ, ಕೆಲವು ಪಾಲಕರು ಬಿಡಿಸಿಕೊಂಡು ಹೋದರು. ಅವರಲ್ಲೇ ಒಬ್ಬರು, ಬ್ಯಾಂಕಿನಲ್ಲಿ ಕೆಲಸ ಮಾಡುವ ತಾಯಿ, ಆಮೇಲೆ ನನ್ನ ಬಳಿ ಬಂದು ಒಳ್ಳೆಯ ಡೇ ಕೇರ್ ಎಲ್ಲಿದೆ ಎಂದು ಕೇಳಿದರು. ಒಳ್ಳೆಯದೊಂದು ಅವರ ಕೈಯಲ್ಲೇ ಇತ್ತು.

ಬೇರೆ ದೇಶಗಳ ಸರ್ಕಾರಗಳು ಇದೇ ಪ್ರಶ್ನೆಯನ್ನು ಎದುರಿಸಿದವು. ಆಸ್ಟ್ರೇಲಿಯಾ 2020ರ ಏಪ್ರಿಲ್ 6ರಿಂದ ಜುಲೈ 12ರವರೆಗೆ ಪಾಲಕರಿಂದ ಶುಲ್ಕ ತೆಗೆದುಕೊಳ್ಳಬೇಡಿ ಎಂದು ಹೇಳಿ, ಕೇಂದ್ರಗಳಿಗೆ ಸೋಂಕು ಹರಡುವ ಮುಂಚಿನ ಹದಿನೈದು ದಿನದ ಶುಲ್ಕವನ್ನು ಆಧಾರವಾಗಿಟ್ಟು, ಒಂದು ಮಿತಿಯೊಳಗೆ ಅದರ ಅರ್ಧವನ್ನು ತಾನೇ ಕೊಟ್ಟಿತು. ಇವತ್ತು ಎಷ್ಟು ಮಕ್ಕಳು ಬಂದರು ಎಂಬುದರ ಮೇಲೆ ಆ ಹಣ ನಿಂತಿರಲಿಲ್ಲ. ಅಮೆರಿಕದ ಹಲವು ರಾಜ್ಯಗಳು ಸಬ್ಸಿಡಿ ಪಡೆಯುವ ಮಕ್ಕಳ ಹಣವನ್ನು ಹಾಜರಿಯ ಬದಲು ದಾಖಲಾತಿ ನೋಡಿ ಪಾವತಿಸಿದವು. 2021ರ ಮಾರ್ಚ್‌ನ ಕಾಯ್ದೆಯಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಶಿಶುಪಾಲನಾ ಕೇಂದ್ರಗಳು ಉಳಿದುಕೊಳ್ಳಲೆಂದೇ 2,400 ಕೋಟಿ ಡಾಲರ್ ತೆಗೆದಿಟ್ಟಿತು. ಬಾಡಿಗೆ, ಸಂಬಳ, ಸ್ವಚ್ಛತೆಗೆ ಅದನ್ನು ಬಳಸಬಹುದಿತ್ತು, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೂ ಅದರಲ್ಲಿ ಪಾಲಿತ್ತು. ಅಲ್ಲಿ ಎಲ್ಲವೂ ಸರಿಯಾಯಿತು ಎಂದು ನಾನು ಹೇಳುತ್ತಿಲ್ಲ. ಲೆಕ್ಕವನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದು ಅವರಿಗೆ ಹೊಳೆಯಿತು.

ನಮ್ಮಲ್ಲಿ ನೆರವು ಇರಲಿಲ್ಲ ಎನ್ನುವುದೂ ಸರಿಯಲ್ಲ. ಇತ್ತು, ಆದರೆ ಅದು ಯಾವುದಾದರೊಂದು ದಾಖಲೆಯಲ್ಲಿ ಹೆಸರಿದ್ದವರನ್ನು ಹುಡುಕಿಕೊಂಡು ಹೋಯಿತು. 2020ರ ಮೇ ತಿಂಗಳ ತುರ್ತು ಸಾಲ ಖಾತರಿ ಯೋಜನೆಯಲ್ಲಿ ಹೊಸ ಸಾಲ ಸಿಕ್ಕಿದ್ದು ಅದೇ ವರ್ಷದ ಫೆಬ್ರವರಿ 29ಕ್ಕೆ ಬಾಕಿ ಸಾಲ ಇದ್ದವರಿಗೆ, ಆ ಬಾಕಿಯ ಶೇಕಡಾ 20ರಷ್ಟು. ಜೀವನದಲ್ಲಿ ವ್ಯವಹಾರದ ಹೆಸರಿನಲ್ಲಿ ಸಾಲವನ್ನೇ ಮಾಡದ ಅಕ್ಕೋರಿಗೆ ಏನೂ ಇಲ್ಲ. ಭವಿಷ್ಯನಿಧಿಯ (ಪಿಎಫ್) ವಂತಿಗೆಯನ್ನು ಕೆಲ ತಿಂಗಳು ಕೇಂದ್ರ ಸರ್ಕಾರವೇ ತುಂಬಿತು, ಕೆಲಸ ಕಳೆದುಕೊಂಡ ಇಎಸ್‌ಐ (ಕಾರ್ಮಿಕರ ವಿಮೆ) ಸದಸ್ಯರಿಗೆ ಅರ್ಧ ಕೂಲಿ ಸಿಕ್ಕಿತು. ಇಬ್ಬರು ಆಯಾಗಳ ಪ್ಲೇ ಹೋಂಗೆ ಪಿಎಫ್ ಎಲ್ಲಿ, ಇಎಸ್‌ಐ ಎಲ್ಲಿ? 2021ರ ರಾಜ್ಯದ ಪ್ಯಾಕೇಜುಗಳಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ 2,000, ಆಶಾ ಕಾರ್ಯಕರ್ತೆಯರಿಗೆ 3,000, ಅನುದಾನರಹಿತ ಶಾಲೆಯ ಶಿಕ್ಷಕರಿಗೆ 5,000, ಮನೆಗೆಲಸದವರಿಗೆ 2,000 ಎಂದಿತ್ತು. ನನ್ನ ಬಳಿ ಬರುವ ಅಕ್ಕೋರುಗಳ ಆಯಾಗಳು ತಾವು ಶಿಕ್ಷಕರೋ ಮನೆಗೆಲಸದವರೋ ಎಂದು ಕೇಳಿಕೊಂಡು ಬಂದರು. ಅವರು ದುಡಿಯುತ್ತಿದ್ದರು ಎನ್ನುವುದಕ್ಕೆ ಒಂದು ಸಂಬಳದ ವೋಚರ್ ಕೂಡ ಇರಲಿಲ್ಲ.

ಇನ್ನು ಪಾಲಕರ ಕಡೆಯ ನ್ಯಾಯ. ಪೂರ್ತಿ ಮುಚ್ಚಿದ ತಿಂಗಳಿಗೂ ಪೂರ್ತಿ ಶುಲ್ಕ ಕೇಳಿ ಎಂದು ನಾನು ಹೇಳುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಮಕ್ಕಳೇ ಬರದಿದ್ದರೆ ಹಾಲು, ತಿಂಡಿಯ 2,000, ಸಾಬೂನು, ಪೆನ್ಸಿಲಿನ 1,000, ಕರೆಂಟಿನಲ್ಲಿ ಒಂದು 700 ಉಳಿಯಿತು ಎನ್ನಿ. 25,000ದಲ್ಲಿ 3,700, ಅಂದರೆ ಶೇಕಡಾ 15ರ ಹತ್ತಿರ. ಖಾಸಗಿ ಶಾಲೆಗಳ ಶುಲ್ಕದ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2021ರ ಮೇ 3ರಂದು, ರಾಜಸ್ಥಾನದ ಪ್ರಕರಣದಲ್ಲಿ, ವಿದ್ಯಾರ್ಥಿಗಳು ಬಳಸದ ಸೌಲಭ್ಯಗಳ ಬದಲಿಗೆ ಶೇಕಡಾ 15 ಕಡಿತ ಮಾಡಿ ಎಂದಿತು. ನಮ್ಮ ರಾಜ್ಯ ಸರ್ಕಾರ ಶೇಕಡಾ 30 ಕಡಿತಕ್ಕೆ ಆದೇಶಿಸಿತ್ತು, ಹೈಕೋರ್ಟ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದನ್ನು ಶೇಕಡಾ 15ಕ್ಕೆ ತಂದಿತು. ನನ್ನ ಅಂಕಿ ಅದರ ಹತ್ತಿರ ಬಂದದ್ದು ಕಾಕತಾಳೀಯ. ಆ ತೀರ್ಪುಗಳು ಶಾಲೆಗಳಿಗೆ ಸಂಬಂಧಿಸಿದವು, ಡೇ ಕೇರ್‌ಗೆ ನೇರವಾಗಿ ಅನ್ವಯಿಸುತ್ತವೆ ಎಂದು ನಾನು ಹೇಳಲಾರೆ. ನಿಮ್ಮ ವಕೀಲರನ್ನು ಕೇಳಿ. ಆದರೆ ಅದರ ಹಿಂದಿನ ಯೋಚನೆ ನಮಗೆ ಬೇಕಾದದ್ದು. ಖರ್ಚಿನಲ್ಲಿ ಉಳಿದದ್ದನ್ನು ಪಾಲಕರಿಗೆ ಬಿಡಿ, ಉಳಿಯದ್ದನ್ನು ಬಿಡಬೇಡಿ. ಶುಲ್ಕದಲ್ಲಿ ಶೇಕಡಾ 15 ಬಿಟ್ಟರೂ 25,500 ಬರುತ್ತದೆ. ಆಯಾಗಳ ಸಂಬಳ, ಬಾಡಿಗೆ ಎಲ್ಲ ಕೊಟ್ಟು ಅಕ್ಕೋರ ಕೈಯಲ್ಲಿ 4,200 ಇರುತ್ತದೆ.

ಈ ವಿಷಯ ಯಾರೂ ಹೇಳಿಕೊಡದೆಯೇ ಅರ್ಥವಾದದ್ದು ಕಾರವಾರದ ಮೀನು ಬಂದರು ಬೈತಖೋಲ್ ಕಡೆಯ ಒಬ್ಬ ಹೆಂಗಸಿಗೆ. ಮೀನು ಮಾರುವವರ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅಲ್ಲಿ ತಿಂಗಳ ಶುಲ್ಕದ ಮಾತೇ ನಡೆಯದು, ಬುಟ್ಟಿ ಖಾಲಿಯಾದ ಮೇಲೆ ಸಂಜೆ ಕೈಗೆ ಬಂದ ದುಡ್ಡಿನಲ್ಲಿ ಅಂದಿನದನ್ನು ಕೊಟ್ಟು ಮಗುವನ್ನು ಎತ್ತಿಕೊಂಡು ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳು ಮಕ್ಕಳು ಬರುವುದು ತೀರಾ ಕಡಿಮೆ. ಅದಕ್ಕೆ ಅವರು ಆಗಸ್ಟಿನಿಂದ ಮೇ ತನಕ ದಿನಕ್ಕೆ ಐದು ರೂಪಾಯಿ ಹೆಚ್ಚು ಹಿಡಿದು, ಆ ಐದನ್ನು ಮಾತ್ರ ಪಿಗ್ಮಿಗೆ ಹಾಕುತ್ತಿದ್ದರು. ತಾಯಂದಿರಿಗೂ ಅದು ಗೊತ್ತಿತ್ತು, ಯಾರೂ ತಕರಾರು ಮಾಡಲಿಲ್ಲ. "ದೋಣಿ ನಿಂತ್ರೂ ಹೊಟ್ಟೆ ನಿಲ್ಲೂದಿಲ್ಲಲ್ಲ, ಬಾಯೀ" ಎಂದು ನನಗೆ ಹೇಳಿದ್ದರು. 2020ರಲ್ಲಿ ಮೀನು ವ್ಯಾಪಾರ ನಿಂತಾಗ ಅವರ ಸಹಾಯಕಿಗೆ ಆ ಬೇಸಿಗೆಯ ಸಂಬಳ ಬಂದದ್ದು ಆ ಪಿಗ್ಮಿಯಿಂದ. ಎರಡನೆಯ ಅಲೆಯ ಹೊತ್ತಿಗೆ ಅದೂ ಮುಗಿಯಿತು. ದಿನಗೂಲಿಯ ತಾಯಂದಿರನ್ನು ನಂಬಿದ ಕೇಂದ್ರಗಳು ಎಷ್ಟೇ ಜಾಣತನ ತೋರಿದರೂ ವರ್ಷಗಟ್ಟಲೆ ಮುಚ್ಚಿ ಬದುಕಲಾರವು. ಅಲ್ಲಿ ಸರ್ಕಾರವೇ ಕೈ ಹಿಡಿಯಬೇಕು, ಅದೂ ದಾಖಲಾತಿ ನೋಡಿ, ಹಾಜರಿ ನೋಡಿ ಅಲ್ಲ. ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಎಂಬ ಸರ್ಕಾರಿ ಶಿಶುಪಾಲನಾ ಕೇಂದ್ರಗಳು ಶುರುವಾದಾಗ ನನಗೆ ಸಂತೋಷವಾಯಿತು. ಇನ್ನೊಂದು ಸೋಂಕು ಬಂದು ಕೆಲಸ ನಿಂತರೆ ಅಲ್ಲಿನ ಆರೈಕೆದಾರರ ಕೂಲಿ ಹೇಗೆ ಎಂಬುದನ್ನು ಈಗಲೇ ಬರೆದಿಡಬೇಕು ಎಂದು ಸಿಕ್ಕ ಸದಸ್ಯರಿಗೆಲ್ಲ ಹೇಳುತ್ತಿದ್ದೇನೆ.

50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಶಿಶುಪಾಲನಾ ಸೌಲಭ್ಯ ಕೊಡಲೇಬೇಕು. ಕೆಲವು ಸಂಸ್ಥೆಗಳು ಅದನ್ನು ನಿಮ್ಮಂಥವರಿಗೇ ವಹಿಸುತ್ತವೆ. ಆ ಕರಾರಿನಲ್ಲೂ 'ಮಗುವಿಗೆ ದಿನಕ್ಕೆ ಇಷ್ಟು' ಎಂದಿದ್ದರೆ ಸಹಿ ಹಾಕುವ ಮುಂಚೆ ನನಗಾಗಲಿ, ನಿಮ್ಮೂರಿನ ಲೆಕ್ಕಿಗರಿಗಾಗಲಿ ತೋರಿಸಿ.

ದಾಖಲಾತಿ ಅರ್ಜಿಯಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ. ಶುಲ್ಕ ತಿಂಗಳಿಗೆ, ಗೈರುಹಾಜರಿಗೆ ಕಡಿತ ಇಲ್ಲ. ಸರ್ಕಾರದ ಆದೇಶದಿಂದ ಕೇಂದ್ರ ಮುಚ್ಚಿದರೆ ಇಷ್ಟು ಕಡಿತ. ಬಿಡಿಸುವುದಾದರೆ ಒಂದು ತಿಂಗಳ ಮುಂಚೆ ತಿಳಿಸಬೇಕು. ಕೆಲಸ ಹೋದ, ಮನೆಯಲ್ಲಿ ಸಾವಾದ ಕುಟುಂಬಕ್ಕೆ ರಿಯಾಯಿತಿ ಕೊಡುವ ಅಧಿಕಾರ ನಿಮ್ಮದು. ಈ ಕೊನೆಯದನ್ನು ಧಾರಾಳವಾಗಿ ಬಳಸಿ, ಆದರೆ ಆ ಮಗುವಿನ ಹೆಸರಿನ ಮುಂದೆ ರಿಯಾಯಿತಿ ಎಂದು ಪ್ರತ್ಯೇಕವಾಗಿ ಬರೆಯಿರಿ. ಒಬ್ಬರಿಗೆ ತೋರಿದ ದಯೆ ಎಲ್ಲರ ನಿಯಮವಾಗಬಾರದು. ಆಯಾಗಳ ಸಂಬಳ ನಗದಾಗಿ ಕೊಡುವುದಾದರೆ ತಿಂಗಳು ತಿಂಗಳು ವೋಚರಿಗೆ ಸಹಿ ಹಾಕಿಸಿ, ಆಗುವುದಾದರೆ ಅವರ ಖಾತೆಗೇ ಹಾಕಿ. ಅಸಂಘಟಿತ ಕಾರ್ಮಿಕರ ಸರ್ಕಾರಿ ಪಟ್ಟಿಯಾದ ಇ-ಶ್ರಮ್‌ನಲ್ಲಿ ಅವರ ನೋಂದಣಿಯನ್ನೂ ಮಾಡಿಸಿ.

ಇವೆಲ್ಲ ಜೂನ್ ದಾಖಲಾತಿ ಆದ ಮೇಲೆ ಮಾಡಿದರೆ ಹಳೆಯ ಪಾಲಕರು ಒಪ್ಪಲಿಕ್ಕಿಲ್ಲ, ನಾನೂ ಆ ವರ್ಷಕ್ಕೆ ಹೆಚ್ಚೇನೂ ಮಾಡಲಾರೆ. ಏಪ್ರಿಲ್‌ನಲ್ಲೇ ಅರ್ಜಿಯ ನಮೂನೆ, ಬಾಡಿಗೆ ಕರಾರು, ಹಿಂದಿನ ವರ್ಷದ ಖರ್ಚಿನ ಪುಸ್ತಕ ಹಿಡಿದು ಬನ್ನಿ.