ಮೇಳದಲ್ಲಿ ಸ್ಟಾಲ್ ಹಾಕಿದರೆ ಮಾಲು ಹೋಗುತ್ತದಾ?

ಓದುಗರ ಪ್ರಶ್ನೆ: ಮೇಡಂ, ನಾವು ಗಂಗಾವತಿಯ ಮೂವರು ಗೆಳೆಯರು. ಭತ್ತದ ತೇವ ಅಳೆಯುವ ಸಣ್ಣ ಮೀಟರ್ ಮಾಡಿದ್ದೇವೆ. ಕೈಯಲ್ಲಿ ಹಿಡಿದು ಬಳಸುವಂಥದ್ದು. ನಮ್ಮ ಹಿಂದೆ ಯಾವ ಕಂಪನಿಯೂ ಇಲ್ಲ. ಬೆಂಗಳೂರಿನ ದೊಡ್ಡ ಟೆಕ್ ಮೇಳದಲ್ಲಿ ಒಳ್ಳೆ ಸ್ಟಾಲ್ ಹಿಡಿದರೆ ಹೆಸರೂ ಬರುತ್ತದೆ, ಆರ್ಡರ್ರೂ ಬರುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಇರುವ ದುಡ್ಡು ಹಾಕಿ ದೊಡ್ಡ ಸ್ಟಾಲ್ ಹಿಡಿಯೋಣವಾ?

ಉತ್ತರ: ಸ್ಟಾಲ್ ಹಿಡಿಯಿರಿ. ಆದರೆ ಅಲ್ಲಿ ಸಿಗುವ ಅತಿ ಸಣ್ಣದನ್ನು ಹಿಡಿಯಿರಿ. ಇರುವ ದುಡ್ಡನ್ನೆಲ್ಲ ಅದಕ್ಕೇ ಸುರಿಯಬೇಡಿ.

ಬಳ್ಳಾರಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸಲು ಶುರು ಮಾಡಿ 19 ವರ್ಷವಾಯಿತು. ಈ ಪ್ರಶ್ನೆ ಬರದ ವರ್ಷವೇ ಇಲ್ಲ. ಒಂದು ವರ್ಷ ಮೆಣಸಿನಕಾಯಿಯ ಬಣ್ಣ ಅಳೆಯುವ ಮಷಿನ್, ಇನ್ನೊಂದು ವರ್ಷ ಮಕ್ಕಳಿಗೆ ಅಕ್ಷರ ಕಲಿಸುವ ಗೇಮ್, ಈಗ ನಿಮ್ಮ ತೇವದ ಮೀಟರ್. ಮಷಿನ್ ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಅದರ ಹಿಂದಿನ ನಂಬಿಕೆಯೂ ಒಂದೇ. ದೊಡ್ಡ ಮೇಳಕ್ಕೆ ಲಕ್ಷ ಜನ ಬರುತ್ತಾರೆ, ಅವರ ಕಣ್ಣಿಗೆ ಬೀಳುವ ಹಾಗೆ ನಿಂತರೆ ಸಾಕು, ಮಿಕ್ಕಿದ್ದು ತಾನಾಗಿ ಆಗುತ್ತದೆ ಅನ್ನುವ ನಂಬಿಕೆ. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಅದಕ್ಕೇ ಇವತ್ತು ಕೂತು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹಾಕೋಣ. ಮೇಳ 3 ದಿನ, ದಿನಕ್ಕೆ 8 ಗಂಟೆ ಅಂದುಕೊಳ್ಳಿ. ಒಟ್ಟು 24 ಗಂಟೆ, ಅಂದರೆ 1,440 ನಿಮಿಷ. ಮೀಟರ್ ತೋರಿಸಿ, ಅವರ ಪ್ರಶ್ನೆಗೆ ಉತ್ತರ ಹೇಳಿ, ಫೋನ್ ನಂಬರ್ ಬರೆದುಕೊಳ್ಳಲು ಒಬ್ಬರಿಗೆ 6 ನಿಮಿಷ ಬೇಕೇ ಬೇಕು. ಊಟ ಬಿಟ್ಟು, ನೀರು ಬಿಟ್ಟು, ಒಂದು ಕ್ಷಣವೂ ಕೂರದೆ ನಿಂತರೂ ನೀವೊಬ್ಬರು 240 ಜನರ ಜೊತೆ ಮಾತಾಡಬಹುದು. ನಿಜವಾಗಿ ಆಗುವುದು 150. ಮೇಳಕ್ಕೆ 50 ಸಾವಿರ ಜನ ಬರಲಿ, 5 ಲಕ್ಷ ಜನ ಬರಲಿ, ನಿಮ್ಮ 150 ಮಾತ್ರ 150 ಆಗಿಯೇ ಇರುತ್ತದೆ. ಹಾಗಾದರೆ ಯೋಚಿಸಬೇಕಾದದ್ದು ಎಷ್ಟು ಜನ ಬರುತ್ತಾರೆ ಅನ್ನುವುದಲ್ಲ, ಆ 150 ಜನ ಯಾರು ಅನ್ನುವುದು.

ಈಗ ನೋಡಲು ಬರುವವರ ಕಡೆಯಿಂದ ಲೆಕ್ಕ ಹಾಕಿ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಪ್ರತಿ ಜನವರಿ ಸಿಇಎಸ್ ಅಂತ ಎಲೆಕ್ಟ್ರಾನಿಕ್ಸ್ ಮೇಳ ನಡೆಯುತ್ತದೆ. 1967ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದದ್ದು. 2024ರಲ್ಲಿ ಅಲ್ಲಿ 4,300ಕ್ಕೂ ಹೆಚ್ಚು ಸ್ಟಾಲ್ ಇದ್ದವು, 1 ಲಕ್ಷ 38 ಸಾವಿರ ಜನ ಬಂದಿದ್ದರು. ಒಬ್ಬ ಮನುಷ್ಯ ಒಂದೊಂದು ಸ್ಟಾಲಿಗೆ ಒಂದೇ ನಿಮಿಷ ಕೊಟ್ಟರೂ 71 ಗಂಟೆ ಬೇಕು. ಮೇಳ ನಡೆದದ್ದು 4 ದಿನ. ಎಲ್ಲವನ್ನೂ ನೋಡಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಕೆಲಸ ಇರುವವರು ಏನು ಮಾಡುತ್ತಾರೆ? ಯಾರನ್ನು ನೋಡಬೇಕು ಅಂತ ಮನೆಯಲ್ಲೇ ಪಟ್ಟಿ ಮಾಡಿಕೊಂಡು ಬರುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ, ಎಷ್ಟು ದೊಡ್ಡ ಎಲ್‌ಇಡಿ ಪರದೆ ಹಾಕಿದರೂ ಅವರು ಅದರ ಮುಂದೆಯೇ ದಾಟಿ ಹೋಗುತ್ತಾರೆ.

ನಮ್ಮ ಕಡೆಯ ಮಾತಿನಲ್ಲೇ ಹೇಳುತ್ತೇನೆ. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ತೇರು ನೋಡಲು ಬರುತ್ತಾರೆ, ದಾಸೋಹದ ಪ್ರಸಾದಕ್ಕೆ ಬರುತ್ತಾರೆ. ಅಲ್ಲಿ ಬಳೆ ಹೋಗುತ್ತದೆ, ಬೆಂಡು ಬತ್ತಾಸು ಹೋಗುತ್ತದೆ. ಅದೇ ದಾರಿಯಲ್ಲಿ ನೀರೆತ್ತುವ ಪಂಪ್‌ಸೆಟ್ ಇಟ್ಟುಕೊಂಡು ಕೂತರೆ? ಜನ ಕಮ್ಮಿ ಅಂತಲ್ಲ. ಪಂಪ್‌ಸೆಟ್ ಕೊಳ್ಳಬೇಕು ಅಂತ ಮನಸ್ಸು ಮಾಡಿ ಮನೆಯಿಂದ ಹೊರಟವರು ಅಲ್ಲಿಲ್ಲ, ಅಷ್ಟೇ.

"ಹಾಗಾದ್ರೆ ದೊಡ್ಡ ಕಂಪನಿಯವರು ಸುಮ್ನೆ ಅಷ್ಟು ದುಡ್ಡು ಹಾಕ್ತಾರಾ?" ಅಂತ ಹುಡುಗರು ವಾದ ಮಾಡುತ್ತಾರೆ. ಅವರು ಹಾಕುವುದು ಈಗಾಗಲೇ ಇರುವ ಡೀಲರ್‌ಗಳನ್ನು ಒಂದೇ ಕಡೆ ಭೇಟಿ ಮಾಡುವುದಕ್ಕೆ. ನಿಮಗೆ ಡೀಲರ್ ಯಾರಿದ್ದಾರೆ? ಇನ್ನೊಂದು ಮಾತು. 2007ರ ಜನವರಿ 9ರಂದು ಸಿಇಎಸ್ ಮೇಳ ಲಾಸ್ ವೇಗಸ್‌ನಲ್ಲಿ ನಡೆಯುತ್ತಲೇ ಇತ್ತು. ಅದೇ ದಿನ ಆಪಲ್‌ನವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಆಪಲ್ ವಸ್ತುಗಳಿಗೆಂದೇ ನಡೆಯುತ್ತಿದ್ದ ಮ್ಯಾಕ್‌ವರ್ಲ್ಡ್ ಅನ್ನುವ ಮೇಳದಲ್ಲಿ ಮೊದಲ ಐಫೋನ್ ತೋರಿಸಿದರು. ಆ ವಾರದ ದೊಡ್ಡ ಸುದ್ದಿ ಸಿಇಎಸ್ ಮೇಳದಲ್ಲೇ ಇರಲಿಲ್ಲ. ಅವರ ಬಲ ಬೇರೆ, ನಿಮ್ಮ ಬಲ ಬೇರೆ, ಒಪ್ಪುತ್ತೇನೆ. ಹಾಗಾದರೆ ಸಣ್ಣವರದ್ದೇ ಉದಾಹರಣೆ ಕೊಡುತ್ತೇನೆ. ಪ್ಯಾನಿಕ್ ಅನ್ನುವ ಸಣ್ಣ ಸಾಫ್ಟ್‌ವೇರ್ ಕಂಪನಿ ಪ್ಲೇಡೇಟ್ ಅನ್ನುವ ಪುಟ್ಟ ಗೇಮ್ ಮಷಿನ್ ಮಾಡಿತು. ಹಳದಿ ಬಣ್ಣ, ಕಪ್ಪು ಬಿಳುಪು ಪರದೆ, ಪಕ್ಕದಲ್ಲಿ ತಿರುಗಿಸುವ ಹಿಡಿ. 2019ರಲ್ಲಿ ಸುದ್ದಿ ಹೊರಗೆ ಬಂತು. 2021ರ ಜುಲೈನಲ್ಲಿ ಬುಕಿಂಗ್ ತೆರೆದಾಗ ಮೊದಲ 20 ಸಾವಿರ ಮಷಿನ್ ಸುಮಾರು 20 ನಿಮಿಷದಲ್ಲಿ ಮುಗಿದವು. ಆ 20 ನಿಮಿಷದ ಹಿಂದೆ 2 ವರ್ಷ ಇದೆ. ಅಷ್ಟು ದಿನ ಕಾದು ಕೂತವರೇ ಅವತ್ತು ಕೊಂಡದ್ದು.

ಪತ್ರಿಕೆಯಲ್ಲಿ ಬಂದರೆ ಸಾಕು ಅನ್ನುವವರಿಗೆ ಸಿಂಪ್ಯೂಟರ್ ಕಥೆ ಹೇಳುತ್ತೇನೆ. ಹೇಳುವಾಗ ಪ್ರತಿ ಸಲ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳು ಮತ್ತು ಎನ್‌ಕೋರ್ ಕಂಪನಿಯ ಇಂಜಿನಿಯರ್‌ಗಳು ಸೇರಿ ಮಾಡಿದ ಕೈಗಂಪ್ಯೂಟರ್ ಅದು. ಲಿನಕ್ಸ್ ಮೇಲೆ ನಡೆಯುತ್ತಿತ್ತು. ಓದು ಬರದವರಿಗೂ ಬಳಸಲು ಬರಬೇಕು ಅಂತ ಮಾಡಿದ್ದರು. 2001ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ ಅದನ್ನು ಕೊಂಡಾಡಿತು. 2004ರಲ್ಲಿ ಅಮಿಡಾ ಹೆಸರಲ್ಲಿ ಪೇಟೆಗೆ ಬಂತು. ಕೈಯಲ್ಲಿ ಹಿಡಿದು ಅಲುಗಿಸಿದರೆ ಪುಟ ತಿರುಗುತ್ತಿತ್ತು, ಐಫೋನ್ ಬರುವ ಮೂರು ವರ್ಷ ಮೊದಲೇ! ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಮಾರಾಟ ಕೆಲವು ಸಾವಿರಕ್ಕೇ ನಿಂತಿತು. ಹೊಗಳಿದವರು ಒಂದು ಕಡೆ ಇದ್ದರು, ಕೊಳ್ಳಬೇಕಾದವರು ಇನ್ನೊಂದು ಕಡೆ ಇದ್ದರು.

ನಮ್ಮ ಹುಡುಗರದ್ದೂ ಒಂದು ಕಥೆ ಇದೆ. ಕೆಲವು ವರ್ಷದ ಹಿಂದೆ ಒಂದು ತಂಡ ಸಾಲ ಮಾಡಿ ಒಂದು ದೊಡ್ಡ ಮೇಳಕ್ಕೆ ಹೋಯಿತು. ಮೂಲೆಯ ಸ್ಟಾಲ್ ಬೇಕೇ ಬೇಕು ಅಂತ ಜಾಸ್ತಿ ದುಡ್ಡು ಕಟ್ಟಿದರು. ಬ್ಯಾನರ್, ಬಣ್ಣದ ಹಾಳೆ, ತಟ್ಟೆಯಲ್ಲಿ ಚಾಕೊಲೇಟ್. 400 ವಿಸಿಟಿಂಗ್ ಕಾರ್ಡ್ ಕೂಡಿಸಿಕೊಂಡು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ವಾಪಸ್ ಬಂದರು. ಗೆದ್ದು ಬಂದ ಹಾಗೆ ಕಾಣುತ್ತಿದ್ದರು. ಪರೀಕ್ಷೆ ಇತ್ತು, 15 ದಿನ ಯಾರಿಗೂ ಫೋನ್ ಮಾಡಲಿಲ್ಲ. ಆಮೇಲೆ ಮಾಡಿದಾಗ ಹತ್ತರಲ್ಲಿ ಒಂಬತ್ತು ಜನಕ್ಕೆ ಇವರು ಯಾರು ಅಂತಲೇ ನೆನಪಿರಲಿಲ್ಲ. ಒಂದು ಮಷಿನ್ನೂ ಹೋಗಲಿಲ್ಲ. ಅವರು ತೀರಿಸಿದ ಸಾಲದ ಕಂತುಗಳು ನನಗೆ ಇವತ್ತಿಗೂ ನೆನಪಿವೆ. ಹೋಗುವ ಮೊದಲು ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು.

ಈಗ ನೀವು ಏನು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ. ನಿಮ್ಮ ಮೀಟರ್ ಕೊಳ್ಳುವವರು ಯಾರು? ರೈಸ್ ಮಿಲ್‌ನವರು, ಕಮಿಷನ್ ಏಜೆಂಟರು, ರೈತರ ಸಂಘಗಳು. ಅವರು ಇರುವುದು ಕಾರಟಗಿ, ಸಿಂಧನೂರು, ಸಿರುಗುಪ್ಪದಲ್ಲಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಬರುತ್ತಾರೆ. ಮೊದಲು ಅಲ್ಲಿಗೆ ಹೋಗಿ. ಬೆಂಗಳೂರಿನ ಟೆಕ್ ಮೇಳದಲ್ಲಿ ಸಿಗುವವರು ಬೇರೆ: ಬಿಡಿಭಾಗ ಕೊಡುವವರು, ಬಂಡವಾಳ ಹಾಕುವವರು, ಸರ್ಕಾರದ ಅಧಿಕಾರಿಗಳು, ಪತ್ರಕರ್ತರು. ಅವರೂ ಬೇಕು. ಆದರೆ ಅಲ್ಲಿ ಆರ್ಡರ್ ಹುಡುಕಬೇಡಿ. ಮೇಳಕ್ಕೆ ಒಂದು ತಿಂಗಳು ಇರುವಾಗಲೇ, ಬರಲಿರುವವರಲ್ಲಿ 20 ಜನರನ್ನು ಆರಿಸಿ. ಅವರಿಗೆ ಕಾಗದ ಬರೆಯಿರಿ, ಫೋನ್ ಮಾಡಿ, ದಿನ ಮತ್ತು ಗಂಟೆ ಗೊತ್ತು ಮಾಡಿಕೊಳ್ಳಿ. 20 ಜನರಲ್ಲಿ 8 ಜನ ಬಂದರೂ ಹೋದದ್ದು ಸಾರ್ಥಕ. ಅದಕ್ಕೆ 3 ಮೀಟರ್ ಉದ್ದ 3 ಮೀಟರ್ ಅಗಲದ ಮಾಮೂಲಿ ಸ್ಟಾಲ್ ಧಾರಾಳ ಸಾಕು. ಇನ್ನೊಬ್ಬರ ಜೊತೆ ಹಂಚಿಕೊಂಡರೂ ನಡೆಯುತ್ತದೆ. ಉದ್ಯಮ್ ನೋಂದಣಿ ಮಾಡಿಸಿದ್ದರೆ ಕೇಂದ್ರದ ಎಂಎಸ್‌ಎಂಇ, ಅಂದರೆ ಸಣ್ಣ ಉದ್ಯಮಗಳ, ಇಲಾಖೆಯ ಯೋಜನೆಯಲ್ಲಿ ಸ್ಟಾಲ್ ಬಾಡಿಗೆಗೆ ನೆರವು ಕೇಳಬಹುದು. ಮೇಳಕ್ಕೆ ಮೊದಲೇ ವಿಚಾರಿಸಿ, ಪ್ರತಿ ಬಿಲ್ ಜೋಪಾನವಾಗಿ ಇಡಿ.

ತೋರಿಸುವ ಬಗೆಯೇ ಎಲ್ಲಕ್ಕಿಂತ ಮುಖ್ಯ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕೈಯಲ್ಲಿ ಹಿಡಿಯುವ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಡಿ. ಬಂದವರ ಕೈಗೆ ಕೊಡಿ. ಮೂರು ಡಬ್ಬಿ ಭತ್ತ ಒಯ್ಯಿರಿ. ಒಂದು ಚೆನ್ನಾಗಿ ಒಣಗಿದ್ದು, ಒಂದು ಕೊಯ್ಯುವ ಮಷಿನ್‌ನಿಂದ ಆಗಷ್ಟೇ ಇಳಿದದ್ದು, ಒಂದು ಮಳೆಗೆ ತೊಯ್ದದ್ದು. ನಮ್ಮ ಎಪಿಎಂಸಿ ಯಾರ್ಡ್‌ನಲ್ಲಿ ಏನು ಮಾಡುತ್ತಾರೆ? ಕಾಳು ಹಲ್ಲಿನಲ್ಲಿ ಕಡಿದು ತೇವ ಎಷ್ಟು ಅಂತ ಹೇಳುತ್ತಾರೆ. ನೀವೂ ಅದನ್ನೇ ಕೇಳಿ. "ಕಡಿದು ಹೇಳ್ರೀ, ಎಷ್ಟೈತಿ?" ಅವರು ಒಂದು ಅಂಕಿ ಹೇಳಲಿ. ಆಮೇಲೆ ಮೀಟರ್ ಅವರ ಕೈಯಲ್ಲೇ ಅಂಕಿ ತೋರಿಸಲಿ. ಅರ್ಧ ನಿಮಿಷದ ಕೆಲಸ, ಮರೆಯುವುದಿಲ್ಲ.

ನೀರಿನ ಡೈಎಲೆಕ್ಟ್ರಿಕ್ ಬೆಲೆ 80ರ ಹತ್ತಿರ, ಒಣ ಕಾಳಿನದ್ದು ತೀರ ಕಮ್ಮಿ, ಅದರಿಂದ ಕೆಪಾಸಿಟನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಶಕ್ತಿ) ಏರುತ್ತದೆ ಅಂತ ಶುರು ಮಾಡಬೇಡಿ. ಅದು ನನಗೆ ಹೇಳಿ, ನನಗೆ ಖುಷಿಯಾಗುತ್ತದೆ. ಅವರಿಗೆ ದುಡ್ಡಿನ ಲೆಕ್ಕ ಹೇಳಿ. 100 ಕೆಜಿ ಭತ್ತದಲ್ಲಿ ಶೇಕಡಾ 20 ತೇವ ಇದ್ದರೆ ಒಣ ಭಾಗ 80 ಕೆಜಿ. ಸರ್ಕಾರಿ ಖರೀದಿಗೆ ಮಿತಿ ಶೇಕಡಾ 17. ಅಲ್ಲಿಯವರೆಗೆ ಒಣಗಿಸಿದರೆ ತೂಕ 96.4 ಕೆಜಿಗೆ ಇಳಿಯುತ್ತದೆ. ಮಿಲ್‌ನವರು ಆ ಮೂರೂವರೆ ಕೆಜಿ ನೀರಿಗೆ ಭತ್ತದ ರೇಟು ಕೊಟ್ಟಿರುತ್ತಾರೆ. ರೈತರ ಕಡೆಯಿಂದಲೂ ಇದೇ ಲೆಕ್ಕ. ಭತ್ತ 17ಕ್ಕೆ ಬಂದದ್ದು ಗೊತ್ತಾಗದೆ 13ರವರೆಗೆ ಒಣಗಿಸಿದರೆ ಅವರ ತೂಕ ಸುಮ್ಮನೆ ಹೋಯಿತು.

ಎರಡು ಎಚ್ಚರ. ಡಬ್ಬಿಯ ಮುಚ್ಚಳ ಗಾಳಿಯಾಡದಷ್ಟು ಬಿಗಿಯಾಗಿರಲಿ. ತೆರೆದಿಟ್ಟ ಭತ್ತ ಮೂರು ದಿನದಲ್ಲಿ ಆರುತ್ತದೆ, ಮೊದಲ ದಿನದ ಅಂಕಿ ಕೊನೆಯ ದಿನ ಬರುವುದಿಲ್ಲ. ಎಸಿ ಹಾಲ್‌ಗೆ ಹೋದ ಮೇಲೆ ಕಾಳನ್ನೂ ಮೀಟರನ್ನೂ ಒಂದು ಗಂಟೆ ಒಟ್ಟಿಗೆ ಇಡಿ. ಉಷ್ಣಾಂಶ ಬದಲಾದರೆ ಅಂಕಿಯೂ ಬದಲಾಗುತ್ತದೆ. ಪಕ್ಕದಲ್ಲೇ ಅದೇ ಭತ್ತವನ್ನು ಓವನ್‌ನಲ್ಲಿ ಒಣಗಿಸಿ ತೂಗಿದ ಫಲಿತಾಂಶ ಬರೆದಿಡಿ. ತಿಳಿದವರು ಮೊದಲು ಕೇಳುವುದು ಅದನ್ನೇ. ಯಾವ ತಳಿಗೆ ಕ್ಯಾಲಿಬ್ರೇಟ್ ಮಾಡಿದ್ದೀರಿ, ಅಂದರೆ ಅಂಕಿ ಹೊಂದಿಸಿದ್ದೀರಿ, ಅನ್ನುವುದನ್ನೂ ಕೇಳುತ್ತಾರೆ. ಸೋನಾ ಮಸೂರಿಗೆ ಸರಿ ಇದ್ದದ್ದು ದಪ್ಪ ಭತ್ತಕ್ಕೆ ಸರಿ ಇರಬೇಕೆಂದಿಲ್ಲ.

ಮಿಕ್ಕಿದ್ದು ಬೇಗ ಹೇಳುತ್ತೇನೆ. ಕನಿಷ್ಠ 3 ಮೀಟರ್ ಒಯ್ಯಿರಿ, ಒಂದು ಕೈಕೊಟ್ಟೇ ಕೊಡುತ್ತದೆ. ಪೂರ್ತಿ ಚಾರ್ಜ್ ಇರಲಿ. 2018ರಲ್ಲಿ ಸಿಇಎಸ್ ಮೇಳದಲ್ಲೇ ಸುಮಾರು ಎರಡು ಗಂಟೆ ಕರೆಂಟ್ ಹೋಗಿತ್ತು. ವಿಮಾನದಲ್ಲಿ ಹೋಗುವುದಾದರೆ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಒಂದೊಂದೂ 100 ವ್ಯಾಟ್ ಅವರ್ ದಾಟಬಾರದು. ಚಾಕೊಲೇಟ್ ಬೇಡ. ಕಾರ್ಡ್ ತೆಗೆದುಕೊಂಡ ತಕ್ಷಣ ಅದರ ಹಿಂದೆ ಅವರು ಕೇಳಿದ ಪ್ರಶ್ನೆ ಬರೆಯಿರಿ. ಅವತ್ತೇ ರಾತ್ರಿ ಮೆಸೇಜ್ ಹಾಕಿ, ಮೂರು ದಿನದೊಳಗೆ ಫೋನ್ ಮಾಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ. ಆದರೂ ಹೇಳದೆ ಬಿಡಲು ನನ್ನಿಂದ ಆಗುವುದಿಲ್ಲ, ಯಾಕೆಂದರೆ ಇದನ್ನು ಮೇಳ ಮುಗಿದ ಮೇಲೆ ಕೇಳಿದವರೇ ಜಾಸ್ತಿ. ಪೇಟೆಂಟ್. ನಿಮ್ಮ ಮೀಟರ್‌ನಲ್ಲಿ ನಿಜವಾಗಿ ಹೊಸದು ಏನಾದರೂ ಇದ್ದು, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮೇಳದಲ್ಲಿ ಎಲ್ಲರ ಮುಂದೆ ಬಿಚ್ಚಿ ಹೇಳಿದರೆ, ಆಮೇಲೆ ಹಾಕುವ ಅರ್ಜಿಗೆ "ಇದು ಹೊಸದಲ್ಲ" ಅನ್ನುವ ಉತ್ತರ ಬರಬಹುದು. ನೀವೇ ತೋರಿಸಿದ್ದು ಅನ್ನುವುದು ರಕ್ಷಣೆ ಕೊಡುವುದಿಲ್ಲ. ನಮ್ಮ ಪೇಟೆಂಟ್ ಕಾನೂನಿನ 31ನೇ ಸೆಕ್ಷನ್‌ನಲ್ಲಿ ಮೇಳಕ್ಕೆ 12 ತಿಂಗಳ ವಿನಾಯಿತಿ ಇದೆ. ಆದರೆ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ಮೇಳಗಳಿಗೆ ಮಾತ್ರ. ಅದನ್ನು ನಂಬಿ ಹೋಗಬೇಡಿ. ಮೊದಲೇ ತಾತ್ಕಾಲಿಕ ಅರ್ಜಿ ಹಾಕಿ. ಸ್ವಂತ ಹೆಸರಲ್ಲಿ ಆನ್‌ಲೈನ್ ಹಾಕಿದರೆ ಸರ್ಕಾರದ ಶುಲ್ಕ 1,600 ರೂಪಾಯಿ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರ ಕೊಡಬೇಕು.

ಕೆಪಾಸಿಟನ್ಸ್‌ನಿಂದ ತೇವ ಅಳೆಯುವುದು ಹಳೆಯ ವಿದ್ಯೆ. ಅದಕ್ಕೆ ಪೇಟೆಂಟ್ ಸಿಗುವುದಿಲ್ಲ. ನೀವು ಕಾಳು ತುಂಬುವ ಬಟ್ಟಲನ್ನು ಬೇರೆ ಥರ ಮಾಡಿದ್ದೀರಾ, ತಳಿ ಗುರುತಿಸುವ ಹೊಸ ದಾರಿ ಕಂಡುಹಿಡಿದಿದ್ದೀರಾ, ಅದನ್ನು ನೋಡಿ. ಹೊರಗಿನ ಆಕಾರ ಮಾತ್ರ ಹೊಸದಾದರೆ 2000ದ ಡಿಸೈನ್ಸ್ ಕಾಯ್ದೆಯಲ್ಲಿ ನೋಂದಾಯಿಸಿ. ಮೊದಲು 10 ವರ್ಷ, ಆಮೇಲೆ ಇನ್ನೂ 5 ವರ್ಷ ಸಿಗುತ್ತದೆ. ಅದನ್ನೂ ಮೇಳಕ್ಕೆ ಮೊದಲೇ ಮಾಡಬೇಕು. ಕರ್ನಾಟಕದ ಪೇಟೆಂಟ್ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಅಲ್ಲಿಗೆ ಹೋಗಬೇಕಿಲ್ಲ. ಒಂದು ಡಿಜಿಟಲ್ ಸಹಿ ಮಾಡಿಸಿಕೊಂಡರೆ ಗಂಗಾವತಿಯಲ್ಲಿ ಕೂತೇ ಹಾಕಬಹುದು. ಸ್ಟಾಲ್‌ಗೆ ಮುಂಗಡ ಕಟ್ಟುವ ಮೊದಲು ಆ ಅರ್ಜಿಯ ನಂಬರ್ ನಿಮ್ಮ ಕೈಯಲ್ಲಿರಲಿ.