ದಾನಪತ್ರ ಮಾಡಿಕೊಟ್ಟ ಮನೆ ವಾಪಸ್ ಸಿಗುತ್ತದೆಯೇ?

ಪ್ರಶ್ನೆ: ಅಪ್ಪನಿಗೆ 74 ವರ್ಷ. ಸ್ವಂತ ದುಡಿಮೆಯ ಮನೆಯನ್ನು ಮೂರು ವರ್ಷದ ಹಿಂದೆ ಅಣ್ಣನಿಗೆ ದಾನಪತ್ರ ಮಾಡಿಕೊಟ್ಟರು. ಈಗ ಅಣ್ಣ ಊಟ, ಔಷಧಿ ಯಾವುದನ್ನೂ ವಿಚಾರಿಸುತ್ತಿಲ್ಲ. ದಾನಪತ್ರ ರದ್ದಾಗುತ್ತದೆಯೇ?

ಉತ್ತರ: ಆಗಬಹುದು, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಲ್ಲ. ಬಹಳ ಜನ ಎಡವುವುದೇ ಇಲ್ಲಿ. ಅಪ್ಪ ಒಬ್ಬರೇ ಹೋಗಿ ರದ್ದುಪತ್ರ ಬರೆಸಿದರೆ ಅದು ನಿಲ್ಲುವುದಿಲ್ಲ. ಸ್ವತ್ತು ಆಗಲೇ ಮಗನದಾಗಿದೆ. ಹೋಗಬೇಕಾದದ್ದು ಎಸಿ ಆಫೀಸಿಗೆ, ಅಂದರೆ ಉಪವಿಭಾಗಾಧಿಕಾರಿ ಕಚೇರಿಗೆ. ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆಯ ನ್ಯಾಯಮಂಡಳಿ ಅವರದೇ.

ಆ ಕಾಯ್ದೆಯ 23ನೇ ಕಲಂ ಹೇಳುವುದಿಷ್ಟು: 60 ದಾಟಿದವರು ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ಸ್ವತ್ತು ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಅದನ್ನು ಮೋಸದಿಂದ ಇಲ್ಲವೇ ಒತ್ತಾಯದಿಂದ ಬರೆಸಿಕೊಂಡದ್ದೆಂದು ಭಾವಿಸಿ ರದ್ದು ಮಾಡಬಹುದು. ಎಲ್ಲ ನಿಂತಿರುವುದು ಆ ಷರತ್ತಿನ ಮೇಲೆ. ದಾನಪತ್ರ ತೆಗೆದು ಓದಿ. ಟೈಪಿಸ್ಟರ ಹಳೆಯ ನಮೂನೆಯಲ್ಲಿ ಸಾಮಾನ್ಯವಾಗಿ ‘ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ’ ಎಂದಿರುತ್ತದೆ. ನೋಡಿಕೊಳ್ಳುವ ಮಾತೇ ಇರುವುದಿಲ್ಲ.

ಷರತ್ತನ್ನು ಸಾಬೀತು ಮಾಡದಿದ್ದರೆ 23ನೇ ಕಲಂ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ, ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ, ದಾನಪತ್ರದ ದಿನವೇ ಮಗ ಬರೆದುಕೊಟ್ಟಿದ್ದ ವಚನಪತ್ರವನ್ನೂ ಜೊತೆಗೆ ಓದಿ ದಾನವನ್ನು ರದ್ದುಪಡಿಸಿತು. ಹಾಗಾಗಿ ಪತ್ರದಲ್ಲಿ ಷರತ್ತಿಲ್ಲವೆಂದು ಕೈಚೆಲ್ಲಬೇಡಿ. ಅದೇ ಸಮಯದ ಕರಾರು, ಕಾಗದ, ವಾಟ್ಸಾಪ್ ಸಂದೇಶ ಏನಿದೆಯೋ ಹುಡುಕಿ.

ಅರ್ಜಿಗೆ ಅಪ್ಪನೇ ಸಹಿ ಹಾಕಲಿ. ನೀವೇ ಮುಂದೆ ನಿಂತರೆ ‘ಇದು ಒಡಹುಟ್ಟಿದವರ ಆಸ್ತಿ ಜಗಳ’ ಎಂದು ಅಣ್ಣ ವಾದಿಸುವುದು ಸುಲಭ. ವಯಸ್ಸಿನ ದಾಖಲೆ, ದಾನಪತ್ರದ ನಕಲು, ಔಷಧಿ ಬಿಲ್ಲು ಲಗತ್ತಿಸಿ. ಅದಕ್ಕೂ ಮೊದಲು ಇವತ್ತಿನವರೆಗಿನ ಇಸಿ, ಅಂದರೆ ಸ್ವತ್ತಿನ ಮಾರಾಟ, ಅಡಮಾನ ತೋರಿಸುವ ಋಣಭಾರ ಪ್ರಮಾಣಪತ್ರ, ತೆಗೆಸಿ ನೋಡಿ. ಮನೆ ಮೂರನೆಯವರಿಗೆ ಮಾರಾಟವಾಗಿದ್ದರೆ ಕೆಲಸ ಕಗ್ಗಂಟಾಗುತ್ತದೆ. ಆಗಿಲ್ಲವಾದರೆ ಪರಭಾರೆ, ಅಂದರೆ ಬೇರೆಯವರಿಗೆ ವರ್ಗಾವಣೆ, ತಡೆಯುವಂತೆ ಅರ್ಜಿಯಲ್ಲೇ ಕೇಳಿ. ತಿಂಗಳ ಜೀವನಾಂಶವನ್ನೂ ಅಲ್ಲೇ ಕೋರಬಹುದು. ಕಾಯ್ದೆಯ ಮಿತಿ 10,000 ರೂಪಾಯಿ. ಆದೇಶ ವಿರುದ್ಧವಾದರೆ 60 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ.

ಇನ್ನೂ ಪತ್ರ ಮಾಡದವರು ದಾನದ ಬದಲು ವಿಲ್ ಬರೆಯುವುದೇ ಮೇಲು: ಇಬ್ಬರು ಸಾಕ್ಷಿಗಳು ಸಾಕು, ಮುದ್ರಾಂಕ ಶುಲ್ಕವಿಲ್ಲ, ಬದುಕಿರುವವರೆಗೆ ಬದಲಿಸಬಹುದು. ದಾನವೇ ಆಗಬೇಕೆಂದರೆ ‘ದಾನಿಗೆ ಜೀವಿತಾವಧಿ ವಾಸ, ಊಟ, ಚಿಕಿತ್ಸೆ ಒದಗಿಸತಕ್ಕದ್ದು, ತಪ್ಪಿದಲ್ಲಿ ದಾನ ರದ್ದಾಗತಕ್ಕದ್ದು’ ಎಂದು ಬರೆಸಿ, ಮಗನ ಸಹಿಯನ್ನೂ ಹಾಕಿಸಿ.

ಅಪ್ಪನ ಪರ ಆದೇಶ ಬಂದರೆ ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾಖಲಿಸಿ, ಮನೆಯ ಖಾತೆಯನ್ನು, ಅಂದರೆ ಕಂದಾಯ ದಾಖಲೆಯನ್ನು, ಅಪ್ಪನ ಹೆಸರಿಗೆ ತಿರುಗಿಸಿಕೊಳ್ಳಿ. ಖಾತೆ ಅಣ್ಣನ ಹೆಸರಲ್ಲೇ ಉಳಿದು, ಮನೆಯ ಮೇಲೆ ಸಾಲ ಎತ್ತಿರುವುದು ವರ್ಷದ ನಂತರ ಬ್ಯಾಂಕಿನ ನೋಟಿಸು ಬಂದಾಗ ಗೊತ್ತಾಗುವ ಪ್ರಸಂಗಗಳೂ ಇರುತ್ತವೆ.